ಲೀಟರಿಗೆ 2 ರೂಪಾಯಿ ಉಳಿಕೆ, ಪಂಪಿಗೆ 8,000 ಖರ್ಚು

ನೂಲದಂಥ ಗಡಿಯೂರಿನಲ್ಲಿ ಪೆಟ್ರೋಲು ಹಾಕಿಸುವುದಕ್ಕೂ ಲೆಕ್ಕಾಚಾರ ಬೇಕು. ನಮ್ಮದು ಗಡಹಿಂಗ್ಲಜ ತಾಲ್ಲೂಕು, ಮಹಾರಾಷ್ಟ್ರ; ಪಕ್ಕದ ಸಂಕೇಶ್ವರ ಕರ್ನಾಟಕದ್ದು. ಎರಡು ರಾಜ್ಯಗಳ ತೆರಿಗೆ ಬೇರೆ, ದರವೂ ಬೇರೆ. ಆಚೆ ಅಗ್ಗ ಎನ್ನುವ ಲೆಕ್ಕದಲ್ಲಿ ನಮ್ಮೂರಿನ ಎಷ್ಟೋ ಗಾಡಿಗಳು ಖಾಲಿ ಟಾಕಿಯಲ್ಲೇ ಓಡಾಡುತ್ತವೆ.

ನನ್ನ ಅಕ್ಕನ ಮಗನದೂ ಅದೇ ಪದ್ಧತಿ. ಮುಳ್ಳು ಕೆಂಪಿಗೆ ಬಂದರೂ, "ಸಂಕೇಶ್ವರಕ್ಕ ಹೋದಾಗ ತುಂಬಿಸ್ತೀನಿ ಮಾಮಾ, ಇಲ್ಲ್ಯಾಕ ದುಬಾರಿ ತಗೋಬೇಕು?" ಅನ್ನುವವನು. ಒಂದು ದಿನ ಗಡಹಿಂಗ್ಲಜದ ಸಂತೆಗೆ ಹೊರಟಾಗ ಅವನ ಕಾರು ದಾರಿಯಲ್ಲೇ ನಿಂತಿತು. ನಾನೂ ಜೊತೆಗಿದ್ದೆ. ಸೆಲ್ಫು ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಿಸ್ತ್ರಿ ಹಿಂದಿನ ಸೀಟು ಎತ್ತಿ ನೋಡಿ, "ಪಂಪ್ ಹೋಗೈತ್ರಿ. ಟಾಕಿ ಖಾಲಿ ಇಟ್ಟು ಓಡಿಸಿದ್ರ ಅದಕ್ಕ ತಂಪು ಎಲ್ಲಿಂದ ಬರಬೇಕು?" ಅಂದ. ಹೊಸ ಪಂಪು, ಕೂಲಿ, ಗಾಡಿ ಎಳೆದು ತಂದ ಬಾಡಿಗೆ ಎಲ್ಲ ಕೂಡಿ ಸುಮಾರು 8,000 ರೂಪಾಯಿ. ಅದಕ್ಕಾಗಿ ಅವನು ಭಿಶಿಯಲ್ಲಿ, ಅಂದರೆ ಊರಿನ ಚೀಟಿಯಲ್ಲಿ, ಸಾಲ ಎತ್ತಿದ.

ಈಗ ಅವನ ಉಳಿತಾಯ ನೋಡಿ. ಲೀಟರಿಗೆ 2 ರೂಪಾಯಿ ಫರಕು ಎಂದು ಹಿಡಿದರೆ, 35 ಲೀಟರಿನ ಟಾಕಿಗೆ 70 ರೂಪಾಯಿ. ಆ 8,000 ಹುಟ್ಟಬೇಕಾದರೆ ನೂರಕ್ಕೂ ಹೆಚ್ಚು ಸಲ ಟಾಕಿ ತುಂಬಿಸಬೇಕು. ಬರೀ ಪೆಟ್ರೋಲಿಗೆಂದೇ ಗಡಿ ದಾಟಿ, ಹೋಗಿ ಬರಲು ಒಂದು ಲೀಟರ್ ಸುಟ್ಟರಂತೂ ಆ 70 ರೂಪಾಯಿಯೂ ಕೈಗೆ ಬರುವುದಿಲ್ಲ.

ಮಿಸ್ತ್ರಿಯ ಮಾತಿನಲ್ಲಿ ಹುರುಳಿದೆ. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟಾಕಿಯೊಳಗೇ ಇರುವ ವಿದ್ಯುತ್ ಮೋಟಾರು. ಸುತ್ತಲಿನ ಪೆಟ್ರೋಲು, ಒಳಗೆ ಹರಿಯುವ ಪೆಟ್ರೋಲು, ಇವೆರಡೇ ಅದನ್ನು ತಂಪಾಗಿಡುತ್ತವೆ. ಮಟ್ಟ ಇಳಿದಂತೆ ಮೋಟಾರು ಕಾಯುತ್ತದೆ. ತಿರುವಿನಲ್ಲಿ, ಘಾಟಿಯಲ್ಲಿ ಪೆಟ್ರೋಲು ಒಂದು ಬದಿಗೆ ಸರಿದರೆ ಪಂಪು ಗಾಳಿ ಎಳೆಯುತ್ತದೆ. ಫಿಲ್ಟರು ಕಚರಾ ಕಟ್ಟಿದ್ದರೆ ದುಡಿಮೆ ಇನ್ನೂ ಹೆಚ್ಚು. ಹಿಂದಿನ ಸೀಟಿನ ಕೆಳಗಿಂದ ಕುಂಯ್ ಎನ್ನುವ ಸದ್ದು, ಬೆಳಿಗ್ಗೆ ತಡವಾಗಿ ಸ್ಟಾರ್ಟ್ ಆಗುವುದು, ಅಂಬೋಲಿ ಘಾಟಿಯಂಥ ಏರಿನಲ್ಲಿ ಎಳೆತ ಸಾಲದೆ ಜರ್ಕು ಹೊಡೆಯುವುದು, ಇವು ಪಂಪು ಕೈಕೊಡುವ ಮೊದಲು ಕಾಣುವ ಲಕ್ಷಣಗಳು.

ನನ್ನದು ಡೀಸೆಲ್ ಗಾಡಿ. ಅದರ ಮರ್ಜಿ ಬೇರೆ, ಖರ್ಚೂ ದೊಡ್ಡದು. ಕಾಮನ್ ರೇಲ್ ಎಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಒತ್ತಡ ಹುಟ್ಟಿಸುವ ಪಂಪಿಗೆ ಡೀಸೆಲ್ಲೇ ಎಣ್ಣೆ. ಅದರಲ್ಲಿ ನೀರು ಸೇರಿದರೆ ಜಿಡ್ಡು ಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ. ಉದುರಿದ ಚೂರು ಇಂಜೆಕ್ಟರುಗಳಿಗೂ ಹೋಗುತ್ತದೆ. ಆಗ ಬಿಲ್ಲು ಸಾವಿರಗಳಲ್ಲಿ ನಿಲ್ಲದೆ ಲಕ್ಷದ ಕಡೆ ಹೊರಡುತ್ತದೆ. ನಮ್ಮ ಕಡೆ ಟ್ರ್ಯಾಕ್ಟರಿಗೆಂದು ತಂದ ಕ್ಯಾನಿನ ಡೀಸೆಲ್ಲನ್ನೇ ಜೀಪು, ಕಾರಿಗೂ ಸುರಿಯುವ ರೂಢಿ ಇದೆ. ಕ್ಯಾನಿನ ತಳದ ಮಣ್ಣು, ಮಳೆಗಾಲದ ನೀರು ಎರಡೂ ಅದರ ಜೊತೆಗೇ ಇಳಿಯುತ್ತವೆ.

ಇದನ್ನೆಲ್ಲ ತಡೆಯುವ ಫಿಲ್ಟರಿಗೆ ತಗಲುವುದೆಷ್ಟು? ನನ್ನ ಗಾಡಿಯದು ಕೂಲಿ ಸೇರಿ 1,200 ರೂಪಾಯಿ. 20,000 ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ. ಅಂದರೆ ಕಿಲೋಮೀಟರಿಗೆ 6 ಪೈಸೆ. ಡೀಸೆಲ್ಲಿಗೇ ಕಿಲೋಮೀಟರಿಗೆ 5 ರೂಪಾಯಿ ಸುಡುವಾಗ ಈ 6 ಪೈಸೆ ಯಾವ ಲೆಕ್ಕ? ನಿಮ್ಮ ಗಾಡಿಯ ಅವಧಿ ಅದರ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. ಹಲವು ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರು ಪಂಪಿನ ಜೊತೆ ಟಾಕಿಯೊಳಗೇ ಕೂತಿರುವುದರಿಂದ ಬದಲಿಸುವ ಅವಧಿಯನ್ನೇ ಕೊಟ್ಟಿರುವುದಿಲ್ಲ. ಅಂಥ ಕಾರಿನವರು ಟಾಕಿ ಕಾಲುಭಾಗಕ್ಕಿಂತ ಇಳಿಯದಂತೆ ನೋಡಿಕೊಂಡರೆ ಅದೇ ದೊಡ್ಡ ಜೋಪಾನ. ಹಳೆಯ ಕಾರಿದ್ದವರಿಗೆ ಇನ್ನೊಂದು ಮಾತು: ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಕಬ್ಬು ಬೆಳೆಯುವ ನಮಗೆ ಅದು ಸಂತೋಷದ ಸುದ್ದಿಯೇ. ಆದರೆ ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳಿಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಡೀಸೆಲ್ ಫಿಲ್ಟರು ಬದಲಿಸುವಾಗ ನಾನು ಗ್ಯಾರೇಜಿನಲ್ಲೇ ನಿಲ್ಲುತ್ತೇನೆ. ಹಳೆಯ ಫಿಲ್ಟರಿನ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಸುರಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ನೀರು ಭಾರ, ತಳಕ್ಕೆ ಕೂರುತ್ತದೆ. ನೀರು ಕಂಡರೆ ಎಣ್ಣೆ ಹಾಕಿಸುವ ಜಾಗ ಬದಲಿಸಬೇಕು, ಇಲ್ಲವೆ ಕ್ಯಾನಿನ ರೂಢಿ ಬಿಡಬೇಕು. ಹೊಸದನ್ನು ಕೂರಿಸಿದ ಮೇಲೆ ಗಾಳಿ ಪೂರಾ ತೆಗೆಯದೆ ಸೆಲ್ಫು ಹೊಡೆಯಲು ಬಿಡುವುದಿಲ್ಲ. ಒಣಗಿದ ಪಂಪು ತಿರುಗಿದರೆ ಸವೆತ ಅಲ್ಲಿಂದಲೇ ಶುರು. ಪೆಟ್ರೋಲ್ ಕಾರಾದರೆ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಕಿಡಿಯ ಭಯವೂ ಇದೆ. ಮನೆಯಂಗಳದ ಪ್ರಯೋಗ ಬೇಡ.

ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ಸಾಮಾನ್ಯ ಮೋಟಾರು ವಿಮೆ ಸವೆತಕ್ಕೂ ಯಾಂತ್ರಿಕ ಕೆಡುಕಿಗೂ ಹಣ ಕೊಡುವುದಿಲ್ಲ. ಹೆಚ್ಚುವರಿ ವಾರಂಟಿ ಇದ್ದರೂ ಸರ್ವಿಸ್ ದಾಖಲೆ ಕೇಳುತ್ತಾರೆ. ಎಣ್ಣೆಯ ಮೇಲೆ ಅನುಮಾನ ಬಂದರೆ ಪೆಟ್ರೋಲ್ ಬಂಕಿನವರಿಂದ ಫಿಲ್ಟರ್ ಪೇಪರ್ ಕೇಳಿ ಪೆಟ್ರೋಲು ಪರೀಕ್ಷಿಸುವ ಹಕ್ಕು ಗ್ರಾಹಕನಿಗಿದೆ. ತುಂಬಿಸಿದ ರಸೀದಿ ಇಲ್ಲದಿದ್ದರೆ ಆಮೇಲಿನ ತಕರಾರು ನಿಲ್ಲುವುದು ಕಷ್ಟ.

ಕಬ್ಬಿನ ಬಿಲ್ಲು ಬಂದ ಮೇಲೆ ನಮ್ಮ ಭಾಗದಲ್ಲಿ ಹಳೆಯ ಕಾರು ಕೊಳ್ಳುವವರು ಹೆಚ್ಚು. ಬಣ್ಣ, ಟೈರು, ಮ್ಯೂಸಿಕ್ ಸಿಸ್ಟಮ್ ನೋಡಿ ಚೌಕಾಸಿ ಮಾಡುತ್ತಾರೆ. ಕೊನೆಯ ಫಿಲ್ಟರು ಎಷ್ಟು ಕಿಲೋಮೀಟರಿಗೆ ಬದಲಾಯಿತು, ಅದರ ಬಿಲ್ಲು ಎಲ್ಲಿ ಎಂದು ಕೇಳಿ. ಬಿಲ್ಲು ತೋರಿಸಲಾಗದ ಡೀಸೆಲ್ ಗಾಡಿಯ ಬೆಲೆಯಲ್ಲಿ ಇಂಜೆಕ್ಟರು ರಿಪೇರಿಯ ದುಡ್ಡನ್ನು ಮೊದಲೇ ಮುರಿದುಕೊಂಡು ಮಾತಾಡಿ. ಮಾರುವವನು ಒಪ್ಪದಿದ್ದರೆ ಆ ಗಾಡಿ ಬಿಡಿ.