ಎಷ್ಟು ಜನ ಬಂದ್ರು, ಎಷ್ಟು ಹೊತ್ತು ಇದ್ರು?

2019ರಲ್ಲಿ ಜಗತ್ತಿನಾದ್ಯಂತ ಸುಮಾರು 146 ಕೋಟಿ ಅಂತರರಾಷ್ಟ್ರೀಯ ಪ್ರವಾಸಿ ಭೇಟಿಗಳಾದವು. ಕೊರೊನಾ ಬಂದ 2020ರಲ್ಲಿ ಅದು 40 ಕೋಟಿ ಆಸುಪಾಸಿಗೆ ಕುಸಿದು, 2024ಕ್ಕೆ ಮತ್ತೆ ಸುಮಾರು 140 ಕೋಟಿ ಮುಟ್ಟಿತು. ಎಲ್ಲ ಮೊದಲಿನ ಹಾಗೇ ಆಯ್ತು ಅನ್ನಿಸುತ್ತೆ, ಅಲ್ವಾ?

ಆದರೆ ಈ ಲೆಕ್ಕಕ್ಕೆ ಕನಿಷ್ಠ ಒಂದು ರಾತ್ರಿ ತಂಗಿದವರಷ್ಟೇ ಸೇರುತ್ತಾರೆ. ಬೆಳಿಗ್ಗೆ ಬಂದು ಸಂಜೆ ಹೊರಡುವವರು, ಹಡಗಿನಲ್ಲೇ ಮಲಗುವ ಕ್ರೂಸ್ ಪ್ರಯಾಣಿಕರು ಇದರಲ್ಲಿಲ್ಲ.

ಇಟಲಿಯ ವೆನಿಸ್‌ಗೆ ಇಂಥವರದೇ ತಲೆನೋವು. ಓಣಿ ತುಂಬ ಜನ. ಹಳೇ ನಗರದಲ್ಲಿ ಉಳಿದಿರುವ ನಿವಾಸಿಗಳು 50,000ಕ್ಕಿಂತ ಕಡಿಮೆ. ಅದಕ್ಕೇ 2021ರಲ್ಲಿ ದೊಡ್ಡ ಹಡಗುಗಳು ನಗರದ ಪಕ್ಕದಲ್ಲೇ ಹಾದುಹೋಗುವುದನ್ನು ತಡೆದರು. 2024ರಲ್ಲಿ ದಟ್ಟಣೆಯ ದಿನಗಳಂದು ತಂಗದೆ ಹೋಗುವವರಿಗೆ 5 ಯೂರೋ ಶುಲ್ಕ ಹಾಕಿದರು.

ಇನ್ಮುಂದೆ ಪ್ರವಾಸಿಗರ ಅಂಕಿ ಕಂಡಾಗ, ಅವರು ಎಷ್ಟು ರಾತ್ರಿ ಉಳಿದರು ಅಂತಲೂ ನಾವು ಕೇಳೋಣ.