ಏಕಾಂತದಲ್ಲಿ ಮೊಬೈಲ್: ಪಥ್ಯವೋ, ಅಪಥ್ಯವೋ?

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಮುಂದೆ ಮುಂಬೈ, ಪುಣೆಗಳಿಂದ ಆಳಂದ, ಅಫಜಲಪುರ, ಜೇವರ್ಗಿಗೆ ಮರಳಿದ ದುಡಿಯುವ ಜನರು ಶಾಲೆ, ವಸತಿನಿಲಯಗಳಲ್ಲಿ ಪ್ರತ್ಯೇಕವಾಗಿ ಉಳಿಯಬೇಕಾಯಿತು. ಆಗ ಕೈಯಲ್ಲಿದ್ದ ಸಂಗಾತಿ ಮೊಬೈಲ್ ಒಂದೇ. ಮನೆಯವರ ದನಿ ಕೇಳಿದವರಿಗೆ ಅದು ಧೈರ್ಯವನ್ನಿತ್ತಿತು. ಇರುಳೆಲ್ಲ ವಾಟ್ಸ್‌ಆ್ಯಪ್ ವದಂತಿಗಳನ್ನೇ ನೋಡಿದವರಿಗೆ ಭಯವನ್ನೂ ಒಂಟಿತನವನ್ನೂ ಹೆಚ್ಚಿಸಿತು.

ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮೊದಲನೆಯದೆಂದು ಚರಕರು ಎಣಿಸಿದ್ದಾರೆ. ರಾತ್ರಿ ಜಾಗರಣೆಯಿಂದ ವಾತ ಕೆರಳುತ್ತದೆ. ಆದುದರಿಂದ ಕಾಯಿಲೆ, ವೃದ್ಧಾಪ್ಯಗಳಿಂದ ಮನೆಯಲ್ಲೇ ಉಳಿದ ಸದ್ಭಕ್ತರು ದಿನಕ್ಕೊಮ್ಮೆ ಆಪ್ತರೊಬ್ಬರೊಡನೆ ಮಾತನಾಡಬೇಕು. ಮಲಗುವ ಒಂದು ತಾಸು ಮುನ್ನ ಮೊಬೈಲನ್ನು ದೂರವಿರಿಸಿ, ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳಬೇಕು. ಎರಡು ವಾರವಾದರೂ ನಿದ್ರೆ, ಹಸಿವು ಮರಳದಿದ್ದರೆ ವೈದ್ಯರನ್ನು ಕಾಣಿರಿ.

ನೆರೆಮನೆಯಲ್ಲಿ ಒಬ್ಬಂಟಿ ಹಿರಿಯರಿದ್ದರೆ ಸಂದೇಶ ಕಳುಹಿಸಿ ಸುಮ್ಮನಾಗದೆ, ಬಾಗಿಲಿಗೇ ಹೋಗಿ “ಊಟಾ ಆತೇನ್ರಿ?” ಎಂದು ಕೇಳಿರಿ. ಆ ಮಾತೂ ಔಷಧವೇ.