ಮತವಿತ್ತ ಮೇಲಿನ ಮನಸ್ತಾಪ

ಚುನಾವಣೆಯು ಒಂದು ದಿನದ ಕಾರ್ಯ. ಬೆಳಗ್ಗೆ ಆರಂಭವಾಗಿ ಸಂಜೆಗೆ ಮುಗಿಯುತ್ತದೆ. ಆದರೆ ಅದರಿಂದ ಹುಟ್ಟಿದ ಮನಸ್ತಾಪವು ಕೆಲವು ಮನೆಗಳಲ್ಲಿ ಮುಂದಿನ ಚುನಾವಣೆ ಬರುವವರೆಗೂ ಉಳಿದಿರುವುದನ್ನು ನಾವು ಕಂಡಿದ್ದೇವೆ. ಈ ಶಾಲೆಯಲ್ಲಿ ಕಲಿತು ಈಗ ಗೃಹಿಣಿಯರೂ ಉದ್ಯೋಗಸ್ಥರೂ ಆಗಿರುವ ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ಕಾಣಬಂದಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ: “ಟೀಚರ್, ನಾನು ಇಂಥವರಿಗೆ ವೋಟು ಹಾಕಿದೆನೆಂದು ತಿಳಿದಂದಿನಿಂದ ಅತ್ತೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನಾನೇನು ಮಾಡಲಿ?”

ಈ ಪ್ರಶ್ನೆಯು ಅಲ್ಪವಾದುದೆಂದು ಕೆಲವರಿಗೆ ತೋರಬಹುದು. ಆದರೆ ಒಮ್ಮೆ ಮನೆಯವರ ಮುನಿಸಿಗೆ ಅಂಜಿದ ಹೆಣ್ಣುಮಗಳು ಮುಂದಿನ ಸಲ ತನ್ನ ಮತವನ್ನು ಅವರ ಇಷ್ಟಕ್ಕೇ ಒಪ್ಪಿಸಿಬಿಡುತ್ತಾಳೆ. ಇಲ್ಲವೆ ಮತಗಟ್ಟೆಗೆ ಹೋಗುವುದನ್ನೇ ಬಿಡುತ್ತಾಳೆ. ಆದುದರಿಂದ ಪ್ರಿಯ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಈ ವಿಷಯವನ್ನು ನಮ್ಮೊಡನೆ ಒಂದು ಪಾಠದಂತೆ ಕ್ರಮವಾಗಿ ವಿಚಾರಿಸಬೇಕೆಂದು ಕೋರುತ್ತೇವೆ.

1. ಮತವು ಗುಪ್ತವಾಗಿರುವುದು ಏತಕ್ಕೆ?

ಇಂಗ್ಲೆಂಡಿನಲ್ಲಿ ಬಹುಕಾಲದವರೆಗೆ ಮತದಾರನು ಜನರ ಎದುರಿಗೆ ನಿಂತು, ತಾನು ಯಾರ ಪಕ್ಷವೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಂಥ ಪುಸ್ತಕಗಳು ಅಚ್ಚಾಗಿ ಮಾರಾಟವಾಗುವುದೂ ಉಂಟಾಗಿತ್ತು. ಹೀಗಿರಲು, ಜಮೀನ್ದಾರನ ಒಕ್ಕಲಾಗಿರುವವನು ಆತನ ಇಷ್ಟಕ್ಕೆ ವಿರೋಧವಾಗಿ ಮತವೀಯುವುದು ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಬಹುದು. 1868ರ ಮಹಾಚುನಾವಣೆಯಾದ ಮೇಲೆ ವೇಲ್ಸ್ ದೇಶದಲ್ಲಿ, ಧಣಿಗಳ ಮಾತು ಮೀರಿ ಲಿಬರಲ್ ಪಕ್ಷಕ್ಕೆ ಮತವಿತ್ತರೆಂಬ ಕಾರಣದಿಂದ ಹಲವು ಗೇಣಿದಾರರನ್ನು ಹೊಲಮನೆ ಬಿಡಿಸಿ ಹೊರಡಿಸಿದರು. ಇಂಥ ಅನ್ಯಾಯಗಳು ಬೆಳಕಿಗೆ ಬಂದ ತರುವಾಯ, 1872ರಲ್ಲಿ ಅಲ್ಲಿ ಗುಪ್ತಮತದ ಕಾನೂನು ಜಾರಿಗೆ ಬಂತು. ಅದಕ್ಕೆ ಮುಂಚೆಯೇ, 1856ರಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಪ್ರಾಂತಗಳು ಈ ಪದ್ಧತಿಯನ್ನು ಸ್ವೀಕರಿಸಿದ್ದವು.

ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದು ವಾದಿಸಿದ ಜಾನ್ ಸ್ಟುಅರ್ಟ್ ಮಿಲ್ ಎಂಬ ವಿದ್ವಾಂಸನು ಗುಪ್ತಮತವನ್ನು ಮಾತ್ರ ಒಪ್ಪಲಿಲ್ಲ. ಮತವು ಒಂದು ಸಾರ್ವಜನಿಕ ಹೊಣೆ, ಅದನ್ನು ಎಲ್ಲರ ಎದುರಿಗೆ ನಿರ್ವಹಿಸತಕ್ಕದ್ದು ಎಂಬುದು ಆತನ ಅಭಿಪ್ರಾಯ. ಮತವು ಹೊಣೆಯೆಂಬುದು ಸರಿಯೇ. ಆದರೆ ಹೊಣೆ ಹೊತ್ತವನ ಅನ್ನದ ತಟ್ಟೆ ಇನ್ನೊಬ್ಬನ ಕೈಯಲ್ಲಿರುವಾಗ ಆ ಹೊಣೆಯನ್ನು ನಿರ್ಭಯವಾಗಿ ನಿರ್ವಹಿಸುವುದು ಎಲ್ಲರಿಗೂ ಸಾಧ್ಯವಲ್ಲ. ವೇಲ್ಸಿನ ಗೇಣಿದಾರನ ಸ್ಥಿತಿಗೂ, ಮನೆಯ ಯಜಮಾನರ ಸಂಪಾದನೆಯನ್ನೇ ನಂಬಿರುವ ಸೊಸೆಯ ಸ್ಥಿತಿಗೂ ಬಹಳ ದೂರವಿಲ್ಲ.

2. ನಮ್ಮ ದೇಶದಲ್ಲಿ

ಭಾರತದ ಮೊದಲನೆಯ ಮಹಾಚುನಾವಣೆಯು 1951–52ರಲ್ಲಿ ನಡೆಯಿತು. ಪಟ್ಟಿ ಬರೆಯುವವರು ಮನೆಮನೆಗೆ ಹೋದಾಗ, ಉತ್ತರ ಭಾರತದ ಅನೇಕ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಮತದಾರಳೆಂದು ಒಪ್ಪಲಾಗದೆಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಪಟ್ಟುಹಿಡಿದರು. ಆ ಸಲ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಬಿಟ್ಟುಹೋದರು. ಕಠಿನವಾದರೂ ಅದರಿಂದ ಒಂದು ಪಾಠವಾಯಿತು: ಮತವು ಮನೆತನಕ್ಕೆ ಕೊಟ್ಟುದಲ್ಲ, ಹೆಸರುಳ್ಳ ಒಬ್ಬೊಬ್ಬಳಿಗೆ ಕೊಟ್ಟುದು.

ಈಗಿನ ಯಂತ್ರದ ಏರ್ಪಾಡನ್ನು ಗಮನಿಸಿರಿ. ಗುಂಡಿಯನ್ನೊತ್ತಿದ ಮೇಲೆ ಚಿಹ್ನೆಯುಳ್ಳ ಚೀಟಿಯು ಗಾಜಿನ ಹಿಂದೆ ಏಳು ಸೆಕೆಂಡುಗಳ ಕಾಲ ಕಾಣಿಸಿ, ತಾನಾಗಿ ಪೆಟ್ಟಿಗೆಯೊಳಕ್ಕೆ ಬೀಳುತ್ತದೆ. ಅದನ್ನು ಮತದಾರಳ ಕೈಗೆ ಕೊಡುವುದಿಲ್ಲ. ತನ್ನ ಮತವು ಸರಿಯಾಗಿ ಬಿದ್ದಿತೆಂದು ಅವಳಿಗೆ ತಿಳಿಯಬೇಕು. ಆದರೆ ಹೊರಗೆ ನಿಂತವರು ರುಜುವಾತು ಕೇಳಿದರೆ ತೋರಿಸಲು ಅವಳ ಬಳಿ ಏನೂ ಇರಬಾರದು. ಮೊಬೈಲನ್ನು ಒಳಗೆ ಕೊಂಡೊಯ್ಯಲು ಅಪ್ಪಣೆಯಿಲ್ಲದಿರುವುದೂ ಇದೇ ಕಾರಣದಿಂದಲೇ. ಬೆರಳಿಗೆ ಹಚ್ಚುವ ಮಸಿಯೂ ಹೀಗೆಯೇ. 1962ರ ಚುನಾವಣೆಯಿಂದೀಚೆಗೆ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ ದೇಶಕ್ಕೆಲ್ಲ ಹೋಗುವ ಆ ಮಸಿಯು, ಇವಳು ಮತವಿತ್ತಳೆಂಬುದನ್ನು ತಿಳಿಸುತ್ತದೆ, ಯಾರಿಗೆಂಬುದನ್ನು ತಿಳಿಸುವುದಿಲ್ಲ.

ಕಾನೂನು ಕೂಡ ಈ ಗುಟ್ಟನ್ನು ಕಾಯುತ್ತದೆ. ಯಾವ ಸಾಕ್ಷಿಯನ್ನಾಗಲಿ ಇತರರನ್ನಾಗಲಿ, ಯಾರಿಗೆ ಮತವಿತ್ತಿರೆಂದು ಹೇಳುವಂತೆ ಬಲಾತ್ಕರಿಸಕೂಡದೆಂದು 1951ರ ಪ್ರಜಾ ಪ್ರಾತಿನಿಧ್ಯ ಕಾಯಿದೆಯ 94ನೆಯ ವಿಧಿಯು ಹೇಳುತ್ತದೆ. ನ್ಯಾಯಸ್ಥಾನದ ಕಟಕಟೆಯಲ್ಲಿಯೇ ಕೇಳಬಾರದ ಪ್ರಶ್ನೆಯನ್ನು ಅಡಿಗೆಮನೆಯಲ್ಲಿ ಕೇಳುವ ಅಧಿಕಾರ ಯಾರಿಗಿದೆ?

3. ಮುನಿಸನ್ನು ಎದುರಿಸುವ ಬಗೆ

ಇಷ್ಟೆಲ್ಲ ಕಾಪಿದ್ದರೂ ಮನುಷ್ಯರ ಊಹೆಗೆ ಬೀಗವಿಲ್ಲ. ಆಗ ನಡೆದುಕೊಳ್ಳಬೇಕಾದ ರೀತಿ ಯಾವುದು?

ಮೊದಲನೆಯದಾಗಿ, ಉತ್ತರ ಕೊಡಬೇಕಾದ ಋಣ ನಿಮಗಿಲ್ಲ. ಹಾಗೆಂದು ಸುಳ್ಳು ಹೇಳಿ ಮೆಚ್ಚಿಸಲು ಹೋಗಬೇಡಿರಿ. ಒಂದು ಸುಳ್ಳು ಮುಂದಿನ ಚುನಾವಣೆಗೆ ಇನ್ನೊಂದನ್ನು ಬೇಡುತ್ತದೆ. “ಅತ್ತೆ, ಇದನ್ನು ಯಾರಿಗೂ ಹೇಳಬಾರದೆಂದು ಇಟ್ಟುಕೊಂಡಿದ್ದೇನೆ, ನಮ್ಮ ತಾಯಿಗೂ ಹೇಳಿಲ್ಲ” ಎಂದು ನಗುಮುಖದಿಂದ ನುಡಿದರೆ ಸಾಕು. ಆದರೆ ಆ ಮಾತು ನಿಜವಾಗಿರಬೇಕು. ತವರಿನಲ್ಲಿ ಹೇಳಿ ಅತ್ತೆಮನೆಯಲ್ಲಿ ಮುಚ್ಚಿಟ್ಟರೆ, ಅದು ಗುಟ್ಟೆನಿಸದೆ ಪಕ್ಷಪಾತವೆನಿಸುತ್ತದೆ.

ಎರಡನೆಯದಾಗಿ, ವಿಷಯವು ಈಗಾಗಲೇ ತಿಳಿದುಹೋಗಿದ್ದರೆ, ನಿಮ್ಮ ಕಾರಣವನ್ನು ಒಂದೇ ಸಲ, ಒಂದೆರಡು ಮಾತಿನಲ್ಲಿ ಹೇಳಿರಿ. ಕಾರಣವು ನೀರು, ದಾರಿ, ಶಾಲೆ, ಆಸ್ಪತ್ರೆ ಮೊದಲಾದ ಕಾರ್ಯಗಳನ್ನು ಕುರಿತಿರಲಿ. ಅವರು ಮೆಚ್ಚಿದ ವ್ಯಕ್ತಿಯನ್ನು ಹಳಿಯುವುದಕ್ಕೆ ಅದನ್ನು ಉಪಯೋಗಿಸಬೇಡಿರಿ. ಅನಂತರ ವಾದವನ್ನು ಬೆಳೆಸದಿರಿ. ಮೊಬೈಲಿನ ಕುಟುಂಬದ ಗುಂಪಿನಲ್ಲಂತೂ ಎಷ್ಟು ಮಾತ್ರಕ್ಕೂ ಕೂಡದು. ಎದುರಿಗೆ ಆಡಿದ ಮಾತಿಗೆ ಮುಖದ ನಗೆಯೂ ಕಂಠದ ಮೃದುತ್ವವೂ ಜೊತೆಗೂಡುತ್ತವೆ; ಅಲ್ಲಿ ಬರೆದ ಮಾತನ್ನು ಓದುವವರು ತಮ್ಮ ಕೋಪದ ಸ್ವರದಲ್ಲಿಯೇ ಓದಿಕೊಳ್ಳುತ್ತಾರೆ. ಕೋಪದಲ್ಲಿ ಕುಯ್ದ ಮೂಗು ಶಾಂತಿಯಲ್ಲಿ ಬಂದೀತೆ?

ಮೂರನೆಯದಾಗಿ, ಮುನಿಸು ಬೇರೆ, ಬೆದರಿಕೆ ಬೇರೆ ಎಂಬುದನ್ನು ಚೆನ್ನಾಗಿ ತಿಳಿದಿರಬೇಕು. ಮಾತು ಬಿಟ್ಟವರು, ಮೂದಲಿಸಿದವರು, ಮದುವೆಗೆ ಕರೆಯದವರು ಮುನಿದವರು. ಇವರ ವಿಷಯದಲ್ಲಿ ತಾಳ್ಮೆಯೇ ಮದ್ದು. ಅವರು ಕರೆಯದಿದ್ದರೂ ನೀವು ಕರೆಯಿರಿ. ಹಬ್ಬದ ಅಡಿಗೆಯನ್ನು ಎಂದಿನಂತೆ ಕಳುಹಿಸಿರಿ. ಕಾಯಿಲೆ ಬಿದ್ದಾಗ ಹೋಗಿ ನೋಡಿರಿ. ಆದರೆ ಕೂಲಿ ತಪ್ಪಿಸುವುದು, ನೀರು ತಡೆಯುವುದು, ಕೈಮಾಡುವುದು, ಮನೆಯಿಂದ ಹೊರಡಿಸುವೆನೆಂದು ಹೆದರಿಸುವುದು ಇವು ಮುನಿಸಲ್ಲ. ಇವನ್ನು ಮೌನದಿಂದ ಸಹಿಸುವುದು ಸದ್ಗುಣವೂ ಅಲ್ಲ. ಅಭ್ಯರ್ಥಿಯಾಗಲಿ ಆತನ ಏಜೆಂಟರಾಗಲಿ ಸಾಮಾಜಿಕ ಬಹಿಷ್ಕಾರದ ಬೆದರಿಕೆ ಹಾಕುವುದನ್ನು ಮೇಲೆ ಹೇಳಿದ ಕಾಯಿದೆಯು ಭ್ರಷ್ಟಾಚರಣೆಯೆಂದು ಎಣಿಸುತ್ತದೆ. ಪರಿಶಿಷ್ಟ ಜಾತಿ ಪಂಗಡಗಳವರನ್ನು ಮತದ ಕಾರಣಕ್ಕಾಗಿ ಪೀಡಿಸುವುದು, ಚುನಾವಣೆಯ ತರುವಾಯ ಅವರಿಗೆ ಬಹಿಷ್ಕಾರ ಹಾಕುವುದು, 1989ರ ದೌರ್ಜನ್ಯ ತಡೆ ಕಾಯಿದೆಯ 2015ರ ತಿದ್ದುಪಡಿಯಂತೆ ಶಿಕ್ಷಾರ್ಹವಾದ ಅಪರಾಧ. ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯ ರಕ್ಷಣೆಯುಂಟು. ಇಂಥ ಸಂದರ್ಭದಲ್ಲಿ ನಂಬಿಕೆಯುಳ್ಳ ಒಬ್ಬರಿಗಾದರೂ ಕೂಡಲೆ ತಿಳಿಸಿರಿ. ಅಗತ್ಯವಾದರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿರಿ.

4. ಗುಟ್ಟಿನ ಆಸರೆಯಿಲ್ಲದವರು

ಸಾಮಾನ್ಯ ಮತದಾರಳಿಗೆ ಗುಟ್ಟಿನ ಆಸರೆಯುಂಟು. ಆದರೆ ಜನರ ಪ್ರತಿನಿಧಿಯಾಗಿ ಸಭೆಯಲ್ಲಿ ಕುಳಿತವಳಿಗೆ ಅದಿಲ್ಲ. ತನ್ನನ್ನು ಕಳುಹಿಸಿದವರಿಗೆ ಅವಳು ಲೆಕ್ಕ ಒಪ್ಪಿಸಬೇಕಾದುದರಿಂದ ಅವಳ ಮತವು ಬಹಿರಂಗ. ಅಂಥ ಒಬ್ಬ ಮಹಿಳೆಯ ಚರಿತ್ರೆಯು ನಮ್ಮ ಪಾಠಕ್ಕೆ ಸಹಾಯಕವಾಗಿದೆ.

ಅಮೆರಿಕದ ಮೊಂಟಾನ ಸಂಸ್ಥಾನದ ಜೆನೆಟ್ ರಾಂಕಿನ್ ಎಂಬವರು 1916ರಲ್ಲಿ ಆರಿಸಲ್ಪಟ್ಟು, ಆ ದೇಶದ ಕಾಂಗ್ರೆಸ್ ಸಭೆಯನ್ನು ಪ್ರವೇಶಿಸಿದ ಮೊದಲನೆಯ ಸ್ತ್ರೀಯೆನಿಸಿದರು. ಅಮೆರಿಕದ ಸ್ತ್ರೀಯರೆಲ್ಲರಿಗೂ ಮತದ ಹಕ್ಕನ್ನು ಕೊಟ್ಟ ರಾಜ್ಯಾಂಗದ ತಿದ್ದುಪಡಿ ಬಂದುದು ಅದಾದ ಬಳಿಕ, 1920ರಲ್ಲಿ. 1917ರ ಏಪ್ರಿಲಿನಲ್ಲಿ ಯುದ್ಧದ ಪ್ರಶ್ನೆ ಬಂದಾಗ, ಆ ಸಭೆಯಲ್ಲಿ ಯುದ್ಧ ಬೇಡವೆಂದ 50 ಮಂದಿಯಲ್ಲಿ ಇವರೂ ಒಬ್ಬರು. ಮುಂದಿನ ವರ್ಷ ಸೆನೆಟಿಗೆ ನಿಂತು ಸೋತರು. 1940ರಲ್ಲಿ ಪುನಃ ಆರಿಸಿ ಬಂದರು. ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿಯಾದ ಮರುದಿನ, 1941ರ ಡಿಸೆಂಬರ್ 8ರಂದು, ಯುದ್ಧಕ್ಕೆ ಒಪ್ಪಿಗೆಯಿತ್ತವರು 388 ಮಂದಿ. ಬೇಡವೆಂದವರು ರಾಂಕಿನ್ ಒಬ್ಬರೇ. ಸಭೆಯಲ್ಲಿ ಜನರು ಛೀಗುಟ್ಟಿದರು. ಹೊರಗೆ ಮುತ್ತಿದವರಿಂದ ತಪ್ಪಿಸಿಕೊಂಡು ಆಕೆ ಒಂದು ಟೆಲಿಫೋನ್ ಗೂಡಿನಲ್ಲಿ ಆಶ್ರಯ ಪಡೆಯಬೇಕಾಯಿತು. ಪೊಲೀಸರು ಬಂದು ಆಕೆಯನ್ನು ಕಚೇರಿಗೆ ತಲಪಿಸಿದರು. ನಿಂದೆಯ ಕಾಗದಗಳೂ ತಂತಿಗಳೂ ಬಂದವು.

ಆ ಮತವು ಸರಿಯೋ ತಪ್ಪೋ ಎಂಬುದರಲ್ಲಿ ಇಂದಿಗೂ ಭಿನ್ನಾಭಿಪ್ರಾಯವುಂಟು. ಅದು ನಮ್ಮ ಪ್ರಶ್ನೆಯಲ್ಲ. ನಿಂದೆಯ ನಡುವೆ ಆಕೆ ನಡೆದುಕೊಂಡ ರೀತಿಯನ್ನು ನೋಡಿರಿ. ತಮ್ಮ ಕಾರಣವನ್ನು ಮತದಾರರಿಗೆ ತಿಳಿಸಿದರು. ಆಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ಅವಧಿ ಮುಗಿಯುವ ತನಕ ಸ್ಥಾನವನ್ನು ಬಿಟ್ಟೋಡಲಿಲ್ಲ. 1942ರಲ್ಲಿ ಪುನಃ ಸ್ಪರ್ಧಿಸಲಿಲ್ಲ. ಮುಂದೆ ಗಾಂಧಿಯವರ ಮಾರ್ಗವನ್ನು ತಿಳಿಯಲು ಹಲವು ಸಲ ನಮ್ಮ ದೇಶಕ್ಕೆ ಬಂದರು. 1968ರಲ್ಲಿ, 87ನೆಯ ವಯಸ್ಸಿನಲ್ಲಿ, ವಿಯೆಟ್ನಾಮ್ ಯುದ್ಧವನ್ನು ವಿರೋಧಿಸಿ ಸಾವಿರಾರು ಸ್ತ್ರೀಯರೊಡನೆ ವಾಷಿಂಗ್ಟನ್ನಿನಲ್ಲಿ ನಡೆದರು. ಆಕೆಯ ಮೊಂಟಾನವೇ ಆಕೆಯ ಪ್ರತಿಮೆಯನ್ನು ಮಾಡಿಸಿ, 1985ರಲ್ಲಿ ರಾಜಧಾನಿಯ ಸಭಾಭವನಕ್ಕೆ ಕಾಣಿಕೆಯಾಗಿ ಕೊಟ್ಟಿತು. ಇದನ್ನು ನೋಡಲು ಆಕೆ ಬದುಕಿರಲಿಲ್ಲ, 1973ರಲ್ಲಿ ತೀರಿಕೊಂಡಿದ್ದರು.

5. ಪೋಷಕರಿಗೆ ಒಂದು ಮಾತು

ನಮ್ಮ ಶಾಲೆಯಲ್ಲಿ ಪ್ರತಿವರ್ಷವೂ ವಿದ್ಯಾರ್ಥಿನಾಯಕಿಯ ಚುನಾವಣೆ ನಡೆಯುತ್ತದಷ್ಟೆ. ಕೈಯೆತ್ತಿಸಿ ಎಣಿಸಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೂ ನಾವು ಮಡಿಸಿದ ಚೀಟಿಯ ಪದ್ಧತಿಯನ್ನೇ ಹಿಡಿದಿದ್ದೇವೆ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ನಿನಗೆ ನಾನು ಚೀಟಿ ಹಾಕಲಿಲ್ಲವೆಂದು ಗೆಳತಿಗೆ ತಾನಾಗಿ ಹೇಳಿದಳು. ಸೋತ ಗೆಳತಿಯು ಮಾತು ಬಿಟ್ಟಳು. ಅವಳ ಜೊತೆಯವರೂ ಬಿಟ್ಟರು. ಮೂರು ವಾರ ಆ ಹುಡುಗಿ ಒಬ್ಬಳೇ ಕುಳಿತು ಬುತ್ತಿ ಉಂಡಳು. ಅಷ್ಟರಲ್ಲಿ ಗೆಳತಿಗೆ ಜ್ವರ ಬಂತು. ಇವಳು ಯಾರೂ ಹೇಳದೆಯೆ ದಿನದಿನದ ಪಾಠಗಳನ್ನು ಇನ್ನೊಂದು ಪುಸ್ತಕದಲ್ಲಿ ಬರೆದಿಟ್ಟು ಮನೆಗೆ ತಲಪಿಸಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದುದನ್ನು ನಾವು ಕಂಡೆವು. ಮುನಿಸು ಯಾವಾಗ ಹೋಯಿತೆಂದು ಅವರನ್ನು ಯಾರೂ ಕೇಳಲಿಲ್ಲ.

ಮಕ್ಕಳು ಇಂಥ ನಡತೆಯನ್ನು ಮೊದಲು ಕಲಿಯುವುದು ಮನೆಯಲ್ಲಿ. 1989ರಿಂದೀಚೆಗೆ ಹದಿನೆಂಟು ತುಂಬಿದವರಿಗೆಲ್ಲ ಮತದ ಹಕ್ಕು ಬಂದಿರುವುದರಿಂದ, ನಮ್ಮ ಶಾಲೆಯನ್ನು ಬಿಟ್ಟ ಎರಡು ಮೂರು ವರ್ಷಗಳಲ್ಲಿಯೇ ನಿಮ್ಮ ಮಗಳು ಮತದಾರಳಾಗುತ್ತಾಳೆ. ಮತಗಟ್ಟೆಯಿಂದ ಬಂದ ಅವಳನ್ನು “ಯಾರಿಗೆ ಹಾಕಿದೆ?” ಎಂದು ಕೇಳಬೇಡಿರಿ. “ಸಾಲು ಬಹಳ ಉದ್ದವಿತ್ತೇ? ಬಾ, ಊಟಕ್ಕೆ ಕೂತುಕೊ” ಎನ್ನಿರಿ. ತಂದೆತಾಯಿಗಳು ಬೇರೆಬೇರೆ ಪಕ್ಷಕ್ಕೆ ಮತವಿತ್ತೂ ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ಕಂಡು ಬೆಳೆದವಳು, ನಾಳೆ ತನ್ನ ಸೊಸೆಯ ಬೆರಳಿನ ಮಸಿಯನ್ನು ನೋಡಿದಾಗ ಅದಕ್ಕಿಂತ ಹೆಚ್ಚಿನದನ್ನು ಕೇಳಲಾರಳು.